ಎಪ್ಪತ್ತೊಂಬತ್ತು ನಿಮಿಷಗಳ ಒಡೆಯರು

ನಮ್ಮ ದೊಡ್ಡಮ್ಮನಿಗೆ ಹಾಡಲು ಬರುವುದಿಲ್ಲ. ಆಕೆ ಗುನುಗಿದರೆ ಪಕ್ಕದ ಮನೆಯವರು ಬಂದು ನಲ್ಲಿ ಸೋರುತ್ತಿದೆಯೇ ಎಂದು ಕೇಳುತ್ತಾರೆ ಎನ್ನುವುದು ದೊಡ್ಡಪ್ಪನ ಮಾತು. ಆದರೆ ಮೂವತ್ತಾರು ವರ್ಷ ನಮ್ಮೂರಿನ ಪುರಭವನದಲ್ಲಿ ಯಾರು ಹಾಡಿದರೂ, ಯಾರು ಭಾಷಣ ಬಿಗಿದರೂ ಆ ದನಿ ಜನರ ಕಿವಿ ಮುಟ್ಟಿದ್ದು ದೊಡ್ಡಮ್ಮನ ಬೆರಳ ತುದಿಯಿಂದ. ಆಕೆ ಅಲ್ಲಿ ಸೌಂಡ್ ಆಪರೇಟರ್ ಆಗಿದ್ದಳು.

ಕೆಲಸ ಸಿಕ್ಕಿದ ಕತೆಯೂ ಚೆನ್ನಾಗಿದೆ. ಅವಳ ಅಪ್ಪ, ಅಂದರೆ ನಮ್ಮ ತಾತ, ರೇಡಿಯೋ ರಿಪೇರಿ ಅಂಗಡಿ ಇಟ್ಟಿದ್ದರು. ಬಳಪ ಹಿಡಿಯುವ ಮೊದಲೇ ಬೆಸುಗೆ ಹಾಕುವ ಕಡ್ಡಿ ಹಿಡಿದವಳು ದೊಡ್ಡಮ್ಮ. ಇಪ್ಪತ್ತೆರಡನೆಯ ವಯಸ್ಸಿಗೆ ಸಂದರ್ಶನಕ್ಕೆ ಹೋದಾಗ ಆಗಿನ ಮ್ಯಾನೇಜರ್, “ನೋಡಮ್ಮ, ಹೆಂಗಸರಿಗೆ ಈ ಕೆಲಸ ಸ್ವಲ್ಪ ಕಷ್ಟ” ಎಂದು ಶುರುಮಾಡಿದರಂತೆ. ಅಷ್ಟರಲ್ಲಿ ವೇದಿಕೆಯ ಮೈಕು ಕುಂಯ್ಯೋ ಎಂದು ಕಿರುಚಿತು. ಅಲ್ಲಿದ್ದ ಇಬ್ಬರು ಗಂಡಸರು ಕಿವಿ ಮುಚ್ಚಿಕೊಂಡರು. ದೊಡ್ಡಮ್ಮ ಎದ್ದುಹೋಗಿ ಮೈಕನ್ನು ಎರಡು ಅಡಿ ಹಿಂದಕ್ಕೆ ಸರಿಸಿ, ಬಂದು ಕೂತು, “ಏನೋ ಹೇಳ್ತಿದ್ರಲ್ಲ” ಎಂದಳು. ಮರುದಿನದಿಂದ ಕೆಲಸ.

ಪುರಭವನದಲ್ಲಿ ಒಂದು ಕಟ್ಟಳೆ ಇತ್ತು. ಗಣ್ಯರ ಭಾಷಣಗಳನ್ನು ಸ್ಪೂಲ್ ಟೇಪಿನಲ್ಲಿ ಮುದ್ರಿಸಿ, ಚೀಟಿ ಅಂಟಿಸಿ, ಕಬ್ಬಿಣದ ಬೀರುವಿನಲ್ಲಿ ಇಡಬೇಕು. ದೊಡ್ಡಮ್ಮ ಇಟ್ಟಳು. ಎರಡು ವರ್ಷ ಕಳೆದರೂ ಒಂದು ನರಪಿಳ್ಳೆಯೂ ಬಂದು ಆ ಭಾಷಣಗಳನ್ನು ಕೇಳಲಿಲ್ಲ. ಆಮೇಲೆ ಆಕೆ ಅದೇ ಟೇಪುಗಳ ಮೇಲೆ ಸಂಗೀತ ಕಾರ್ಯಕ್ರಮಗಳನ್ನು ಮುದ್ರಿಸಿಕೊಳ್ಳತೊಡಗಿದಳು. ಮಾರನೆಯ ದಿನ ಕೇಳಿ, ತನ್ನ ಕೆಲಸದಲ್ಲಿ ಎಲ್ಲಿ ತಪ್ಪಾಯಿತು ಎಂದು ತಿಳಿಯುವುದಕ್ಕೆ. “ಅಡುಗೆ ಮಾಡಿದವಳು ರುಚಿ ನೋಡಬೇಡ್ವಾ?” ಎನ್ನುತ್ತಿದ್ದಳು. ನಿವೃತ್ತಿಯ ದಿನ ಬೀರುವನ್ನು ಗುಜರಿಗೆ ಹಾಕುವ ಮಾತು ಬಂತು. ಬೀರು ಹೋಗಲಿ, ಒಳಗಿರುವುದು ನನಗಿರಲಿ ಎಂದು ನಲವತ್ತೇಳು ಸ್ಪೂಲುಗಳನ್ನು ದೊಡ್ಡಪ್ಪನ ಬೇಕರಿ ವ್ಯಾನಿನಲ್ಲಿ ಮನೆಗೆ ತಂದು ಮಂಚದ ಕೆಳಗೆ ತಳ್ಳಿದಳು. ಅಲ್ಲಿ ಅವು ಒಂಬತ್ತು ವರ್ಷ ತೆಪ್ಪಗೆ ಬಿದ್ದಿದ್ದವು.

ಹೋದ ವರ್ಷ ಒಂದು ಬೆಳಿಗ್ಗೆ ಬೇರೆ ಊರಿನಿಂದ ಒಬ್ಬಾಕೆ ಬಂದಳು. ಕೊರಳಲ್ಲಿ ಹೆಡ್‌ಫೋನು, ಕೈಯಲ್ಲಿ ಕಾಗದದ ಕಟ್ಟು. ಹಳೆಯ ಸಂಗೀತವನ್ನು ಹುಡುಕಿ ಬಿಡುಗಡೆ ಮಾಡುವ ಸಣ್ಣ ಕಂಪನಿಯೊಂದು ಅವಳದು. ದೊಡ್ಡಮ್ಮನ ಮೊಬೈಲ್ ಕೆಲಸಕ್ಕೆಲ್ಲ ನಾನೇ ಗತಿಯಾದ್ದರಿಂದ, ಆಕೆಯ ತಂಗಿಯ ಮಗಳಾದ ನಾನೂ ಅಲ್ಲಿದ್ದೆ.

ಕಂಪನಿಯಾಕೆ ಹೇಳಿದ್ದು ಇಷ್ಟು. ಮೂವತ್ತೆಂಟು ವರ್ಷಗಳ ಹಿಂದೆ ನಮ್ಮೂರಿನಲ್ಲಿ ನಾಲ್ಕು ಜನರ ಒಂದು ರಾಕ್ ತಂಡವಿತ್ತು. ಆರು ವರ್ಷ ಊರೂರು ಕುಣಿಸಿ ಒಡೆದುಹೋಯಿತು. ಈಗಿನ ಮಕ್ಕಳು ಅವರ ಹಾಡುಗಳನ್ನು ಎಲ್ಲಿಂದಲೋ ಹೆಕ್ಕಿ ತಲೆಯ ಮೇಲೆ ಹೊತ್ತುಕೊಂಡಿದ್ದಾರೆ. ಪುರಭವನದಲ್ಲಿ ಅವರು ಒಂದು ಭಾನುವಾರ ಮಧ್ಯಾಹ್ನ ನುಡಿಸಿದ್ದರ ಒಂದು ಗಂಟೆಯ ಮುದ್ರಣವನ್ನು ಯಾರೋ ಹೆಸರಿಲ್ಲದವರು ಇಂಟರ್ನೆಟ್ಟಿಗೆ ಏರಿಸಿ, ತಮ್ಮದೇ ಸ್ವತ್ತು ಎಂಬಂತೆ ಮಾರುತ್ತಿದ್ದಾರೆ.

ಅವಳು ಅದನ್ನು ಫೋನಿನಲ್ಲಿ ಕೇಳಿಸಿದಳು. ಕಂಬಳಿ ಹೊದ್ದು ಹಾಡಿದಂತಿತ್ತು. ದೊಡ್ಡಮ್ಮನ ಮುಖ ಹುಳಿ ತಿಂದಂತಾಯಿತು.

“ಇದು ನನ್ನ ಕ್ಯಾಸೆಟ್ಟು. ಡ್ರಮ್ಮಿನವನ ಮದುವೆಗೆ ಉಡುಗೊರೆ ಕೊಟ್ಟಿದ್ದೆ.”

“ಅವರೇ ನಿಮ್ಮ ವಿಳಾಸ ಕೊಟ್ಟಿದ್ದು. ಕಾರು ಮಾರಿದಾಗ ಕ್ಯಾಸೆಟ್ಟೂ ಅದರೊಳಗೇ ಹೋಯ್ತಂತೆ. ಮೂಲ ಟೇಪ್ ನಿಮ್ಮ ಹತ್ತಿರ ಇದೆಯಾ?”

“ಇದೆ. ಕ್ಯಾಸೆಟ್ ಅರವತ್ತು ನಿಮಿಷದ್ದು. ಕಾರ್ಯಕ್ರಮ ಎಪ್ಪತ್ತೊಂಬತ್ತು ನಿಮಿಷ.”

ಕಂಪನಿಯಾಕೆ ಕುರ್ಚಿಯ ತುದಿಗೆ ಬಂದಳು. “ಹಾಗಾದ್ರೆ ಆ ಟೇಪ್ ಯಾರದು?”

“ಮಂಚದ ಕೆಳಗಿದೆ. ಮಂಚ ನನ್ನದು” ಎಂದಳು ದೊಡ್ಡಮ್ಮ.

ಅಷ್ಟು ಸುಲಭವಾಗಿರಲಿಲ್ಲ. ಹಾಡು ಬರೆದವರ ಹಕ್ಕು ಬೇರೆ, ನುಡಿಸಿದವರ ಹಕ್ಕು ಬೇರೆ, ಮುದ್ರಣದ ಹಕ್ಕು ಬೇರೆ, ಆ ಪ್ಲಾಸ್ಟಿಕ್ ಸುರುಳಿಯ ಹಕ್ಕು ಇನ್ನೂ ಬೇರೆ ಎಂದು ಕಂಪನಿಯಾಕೆ ಬಿಡಿಸಿ ಹೇಳಿದಳು. ಒಬ್ಬರು ಒಲ್ಲೆ ಎಂದರೂ ಬಿಡುಗಡೆ ಮಾಡಲಾಗದು.

“ಎಮ್ಮೆ ಒಂದೇ, ಹಾಲು ಒಬ್ಬರದು, ಕೊಂಬು ಒಬ್ಬರದು, ಕಟ್ಟಿದ ಹಗ್ಗ ಇನ್ನೊಬ್ಬರದು ಅಂದ ಹಾಗಾಯ್ತು” ಎಂದರು ದೊಡ್ಡಪ್ಪ, ಬಾಗಿಲಲ್ಲಿ ನಿಂತು.

“ಮೇಯಿಸಿದವಳು ಮಾತ್ರ ನಾನು” ಎಂದಳು ದೊಡ್ಡಮ್ಮ. ಆಮೇಲೆ ಸ್ವಲ್ಪ ಯೋಚಿಸಿ, “ಎಲ್ಲರೂ ಒಪ್ಪೋ ತನಕ ಟೇಪ್ ಈ ಹೊಸ್ತಿಲು ದಾಟಲ್ಲ. ಒಪ್ಪಿಸೋ ಕೆಲಸ ನನಗೆ ಬಿಡಿ. ಅವರೆಲ್ಲರ ದನಿ ಏರಿಸಿ ಇಳಿಸಿ ನನಗೆ ಅಭ್ಯಾಸ ಇದೆ” ಎಂದಳು.

ಗಿಟಾರಿನವನು ದೂರದ ದೇಶದಲ್ಲಿದ್ದ. ಎರಡೇ ದಿನದಲ್ಲಿ ಸಹಿ ಕಳಿಸಿದ. ಡ್ರಮ್ಮಿನವನು ಈಗ ಹಲ್ಲಿನ ಡಾಕ್ಟರ್. ಒಬ್ಬರ ಬಾಯಿ ತೆರೆಸಿಟ್ಟು, ಕೈಗವಸು ಕಳಚಿ, ಅಲ್ಲೇ ಸಹಿ ಮಾಡಿದ. ಉಳಿದದ್ದು ಪುರಭವನ, ಹಾಡುಗಾರ, ಮತ್ತು ಬೇಸ್ ಗಿಟಾರ್ ನುಡಿಸುತ್ತಿದ್ದವನ ಹೆಂಡತಿ. ಆತ ತೀರಿಕೊಂಡು ಹನ್ನೊಂದು ವರ್ಷವಾಗಿತ್ತು. ಅವನ ಪಾಲಿನ ಹಕ್ಕು ಆಕೆಯದು.

ಮೊದಲು ಪುರಭವನಕ್ಕೆ ಹೋದೆವು. ಈಗಿನ ಮ್ಯಾನೇಜರ್ ನಲವತ್ತರ ಆಸುಪಾಸಿನವರು. ಮೇಜಿನ ಮೇಲೆ ಮೂರು ಬಣ್ಣದ ಪೆನ್ನುಗಳನ್ನು ಅಳತೆಗೋಲಿನಷ್ಟು ನೇರವಾಗಿ ಜೋಡಿಸಿಟ್ಟಿದ್ದರು. ದೊಡ್ಡಮ್ಮ ಸ್ಪೂಲನ್ನು ಮನೆಯಲ್ಲೇ ಬಿಟ್ಟು, ಅದರ ಖಾಲಿ ಡಬ್ಬಿಯನ್ನು ತಂದು ಅವರ ಮುಂದಿಟ್ಟಳು. ಅವರು ಅದನ್ನು ತಿರುಗಿಸಿ, ತಳದಲ್ಲಿದ್ದ ನಂಬರನ್ನು ಓದಿ, ಮುಖ ಅರಳಿಸಿದರು.

“ಮೇಡಂ, ಇದು ಭವನದ ಸ್ವತ್ತು. ನಿಮ್ಮ ಕೆಲಸದ ಹೊತ್ತಿನಲ್ಲಿ ಮುದ್ರಿಸಿದ್ದು. ಹಕ್ಕು ನಮ್ಮದೇ ಆಗುತ್ತೆ.”

“ಇಟ್ಟುಕೊಳ್ಳಿ. ಮೇಲಿನ ಚೀಟಿ ಒಮ್ಮೆ ಓದಿ.”

ಅವರು ಓದಿದರು. ನೀರಿನ ಟ್ಯಾಂಕ್ ಉದ್ಘಾಟನೆ, ಅಧ್ಯಕ್ಷರ ಭಾಷಣ, ಶಾಶ್ವತವಾಗಿ ಕಾಪಾಡತಕ್ಕದ್ದು. “ಈ ಭಾಷಣ ಎಲ್ಲಿದೆ?”

“ಅಳಿಸಿ ಅದರ ಮೇಲೆ ಈ ಹುಡುಗರನ್ನ ಮುದ್ರಿಸಿದೆ. ನಿಮ್ಮ ಸ್ವತ್ತು ಅಂದ್ಮೇಲೆ ಭಾಷಣ ಏನಾಯ್ತು ಅಂತ ಕೇಳಿದವರಿಗೆ ಉತ್ತರ ಕೊಡೋರೂ ನೀವೇ ಅಲ್ವಾ?”

ಮ್ಯಾನೇಜರ್ ಒಂದು ಪೆನ್ನನ್ನು ಕೂದಲೆಳೆಯಷ್ಟು ಸರಿಸಿದರು. ಆ ಅಧ್ಯಕ್ಷರ ಮಗಳೇ ಈಗ ಭವನದ ಸಮಿತಿಯ ಮುಖ್ಯಸ್ಥೆ ಎಂಬುದು ಆಮೇಲೆ ತಿಳಿಯಿತು. ಮ್ಯಾನೇಜರ್ ಹಳೆಯ ಕಡತವೊಂದನ್ನು ತರಿಸಿದರು. ಅದರಲ್ಲಿ ಆ ಭಾನುವಾರದ ದೊಡ್ಡಮ್ಮನ ವರದಿ ಸಿಕ್ಕಿತು. ಕಾರ್ಯಕ್ರಮದ ನಡುವೆ ವೇದಿಕೆಯ ಫ್ಯೂಸ್ ಹೋಯಿತು, ಕಾರಣ ಹಳೆಯ ವೈರಿಂಗ್.

“ಈ ವರದಿ ಇಟ್ಟುಕೊಂಡೇ ಅಲ್ವಾ ಇಡೀ ಭವನಕ್ಕೆ ಹೊಸ ವೈರಿಂಗ್ ಮಾಡಿಸಿದ್ದು. ನಿಮ್ಮಿಂದ ದೊಡ್ಡ ಉಪಕಾರ ಆಗಿದೆ ಮೇಡಂ.”

ದೊಡ್ಡಮ್ಮ ಕೆಮ್ಮಿದಳು. ನೀರು ಬೇಕೇ ಎಂದರೆ ಬೇಡ ಎಂದಳು.

ಅರ್ಧ ಗಂಟೆಯಲ್ಲಿ ಪತ್ರ ಸಿದ್ಧವಾಯಿತು. ಸದರಿ ವಸ್ತು ಅನುಪಯುಕ್ತವೆಂದು ವಿಲೇವಾರಿ ಮಾಡಲಾಗಿದೆ, ಅದರ ಮೇಲಾಗಲಿ ಅದರೊಳಗಿನ ದನಿಯ ಮೇಲಾಗಲಿ ಭವನವು ಹಕ್ಕು ಸಾಧಿಸುವುದಿಲ್ಲ. ಪತ್ರ ಕೊಡುವಾಗ ಮ್ಯಾನೇಜರ್ ದನಿ ತಗ್ಗಿಸಿ, “ಭವನದ ಹೆಸರು ಮಾತ್ರ ಮೇಲೆ ಹಾಕಿಸಿ” ಎಂದರು.

ಬೇಸ್ ಗಿಟಾರಿನವನ ಹೆಂಡತಿಯದು ಪೇಟೆಯ ತಿರುವಿನಲ್ಲಿ ಕನ್ನಡಕದ ಅಂಗಡಿ. ನಾವು ಹೋದಾಗ ಆಕೆ ದೀಪದ ಕೆಳಗೆ ಬಗ್ಗಿ, ಸಾಸಿವೆಗಿಂತ ಚಿಕ್ಕದೊಂದು ತಿರುಪನ್ನು ಫ್ರೇಮಿಗೆ ಕೂರಿಸುತ್ತಿದ್ದಳು. ವಿಷಯ ಕೇಳಿಸಿಕೊಳ್ಳುತ್ತಲೇ ತಿರುಪು ಬಿಗಿದು ಮುಗಿಸಿದಳು.

“ಅಕ್ಕಾ, ನಿಮ್ಮ ಮೇಲೆ ನನಗೇನೂ ಇಲ್ಲ. ಆದ್ರೆ ಆ ಕಾರ್ಯಕ್ರಮ ಆಗಿ ಎರಡೇ ತಿಂಗಳಿಗೆ ಇವ್ರನ್ನ ತಂಡದಿಂದ ತೆಗೆದ್ರು. ಯಾಕೆ ಅಂತಾನೂ ಹೇಳ್ಲಿಲ್ಲ. ಇವ್ರು ಗಿಟಾರನ್ನ ಅಟ್ಟಕ್ಕೆ ಹಾಕಿದೋರು ಮತ್ತೆ ಇಳಿಸ್ಲೇ ಇಲ್ಲ. ಈಗ ಇವ್ರ ಹೆಸರಲ್ಲಿ ಆ ಹಾಡುಗಾರ ಮೆರೆಯೋಕೆ ನಾನು ಸಹಿ ಹಾಕ್ಬೇಕಾ?”

ದೊಡ್ಡಮ್ಮ ವಾದಿಸಲಿಲ್ಲ. “ನಿನ್ನ ಗಂಡ ನಿನಗೆ ಯಾವತ್ತಾದ್ರೂ ಹಾಡಿದ್ದಾನಾ?” ಎಂದು ಮಾತ್ರ ಕೇಳಿದಳು.

“ಇವ್ರಾ? ಬಚ್ಚಲಲ್ಲೂ ಬರೀ ಸಿಳ್ಳೆ. ಹಾಡಿದ್ದು ನಾನು ಕೇಳಿಲ್ಲ.”

“ಸಹಿ ಆಮೇಲೆ. ಬರೋ ಭಾನುವಾರ ಮನೆಗೆ ಬಾ.”

ಮನೆಗೆ ಬಂದು ದೊಡ್ಡಮ್ಮ ತನ್ನ ಹಳೆಯ ಸ್ಪೂಲ್ ಯಂತ್ರಕ್ಕೆ ಟೇಪ್ ಏರಿಸಿದಳು. ಅದು ಮೂರು ಸುತ್ತು ತಿರುಗಿ ಕೀರಲಿಟ್ಟು ನಿಂತಿತು. ಯಂತ್ರದ ಮೈಗೆಲ್ಲ ಕಂದು ಅಂಟು. ಕಂಪನಿಯಾಕೆಗೆ ಫೋನು ಮಾಡಿದೆವು. ಹಳೆಯ ಟೇಪುಗಳು ತೇವ ಹೀರಿ ಅಂಟಾಗುವುದುಂಟು, ಐವತ್ತನಾಲ್ಕು ಡಿಗ್ರಿ ಒಣಶಾಖದಲ್ಲಿ ಎಂಟು ಗಂಟೆ ಇಟ್ಟರೆ ಕೆಲವು ವಾರ ಸರಿಯಾಗುತ್ತವೆ, ತಮ್ಮಲ್ಲಿ ಅದಕ್ಕೆ ಯಂತ್ರವಿದೆ, ಕಳಿಸಿಕೊಡಿ ಎಂದಳು.

“ಹೊಸ್ತಿಲು ದಾಟಲ್ಲ ಅಂದಿದೀನಿ” ಎಂದಳು ದೊಡ್ಡಮ್ಮ.

ದೊಡ್ಡಪ್ಪ ಪೇಪರಿನಿಂದ ತಲೆಯೆತ್ತಿದರು. ನಲವತ್ತು ವರ್ಷ ಬೇಕರಿ ನಡೆಸಿದ ಮನುಷ್ಯ. ಹಿತ್ತಿಲ ಶೆಡ್ಡಿನಲ್ಲಿ ಅವರ ರಸ್ಕ್ ಒಣಗಿಸುವ ಪೆಟ್ಟಿಗೆ ಇನ್ನೂ ಇತ್ತು.

“ಐವತ್ತನಾಲ್ಕೇ ಆಗ್ಬೇಕಾ? ಅರವತ್ತಾದ್ರೆ?”

“ಅರವತ್ತಾದ್ರೆ ನಿಮ್ಮನ್ನ ಒಣಗಿಸ್ತೀನಿ.”

ಶನಿವಾರ ಬೆಳಿಗ್ಗೆ ಏಳಕ್ಕೆ ಟೇಪ್ ಪೆಟ್ಟಿಗೆಯೊಳಗೆ ಹೋಯಿತು. ಮಧ್ಯಾಹ್ನ ಮೂರರವರೆಗೆ ದೊಡ್ಡಪ್ಪ ಥರ್ಮಾಮೀಟರಿನ ಮುಂದೆ ಸ್ಟೂಲು ಹಾಕಿ ಕೂತಿದ್ದರು. ಊಟವೂ ಅಲ್ಲೇ. ನಡುವೆ ಎರಡು ಸಲ ಬಾಗಿಲು ತೆಗೆದು ಸುರುಳಿಯನ್ನು ತಿರುವಿ ಹಾಕಿದರು. ಬ್ರೆಡ್ಡಿನವರ ಕೈ ಸುಮ್ಮನಿರುವುದಿಲ್ಲ. ಕೊನೆಗೆ ಹೊರತೆಗೆದು ಮೂಗಿಗೆ ಹಿಡಿದು, “ಹದವಾಗಿದೆ” ಎಂದರು.

ಭಾನುವಾರ ಕನ್ನಡಕದ ಅಂಗಡಿಯಾಕೆ ಬಂದು ಸೋಫಾದ ತುದಿಯಲ್ಲಿ, ಚೀಲವನ್ನು ಮಡಿಲಲ್ಲೇ ಇಟ್ಟುಕೊಂಡು ಕೂತಳು. ಬೇಗ ಹೊರಡುವವಳ ಹಾಗೆ. ದೊಡ್ಡಮ್ಮ ಟೇಪನ್ನು ನೇರವಾಗಿ ಅರವತ್ತಮೂರನೇ ನಿಮಿಷಕ್ಕೆ ಓಡಿಸಿದಳು.

ಮೊದಲು ಗಿಟಾರುಗಳ ಅಬ್ಬರ, ಹಾಡುಗಾರನ ಕೂಗು. ಆಮೇಲೆ ದಢಾರ್ ಎಂಬ ಸದ್ದು, ಗಿಟಾರುಗಳೆಲ್ಲ ಒಮ್ಮೆಲೇ ಮೌನ. ಗಿಟಾರುಗಳ ಸ್ಪೀಕರ್ ಪೆಟ್ಟಿಗೆಗಳಿಗೆ ಹೋಗುವ ಕರೆಂಟು ಮಾತ್ರ ಹೋಗಿತ್ತು. ಮೈಕು, ಮಿಕ್ಸರ್, ಟೇಪು ಬೇರೆ ಸಾಲಿನಲ್ಲಿದ್ದವು. ಡ್ರಮ್ಮಿನವನು ಏನೂ ಆಗದವನಂತೆ ಬಾರಿಸುತ್ತಲೇ ಇದ್ದ. ಜನ ಸಿಳ್ಳೆ ಹಾಕುತ್ತಿದ್ದರು. ಯಾರೋ ಟಿಕೆಟ್ಟಿನ ದುಡ್ಡು ವಾಪಸು ಕೊಡಿ ಎಂದರು. ಆಗ ಒಂದು ಹೊಸ ದನಿ ಮೈಕಿಗೆ ಬಂತು. ತೆಳ್ಳಗೆ, ಅಂಜುತ್ತ, ತಂಡದ ಒಂದು ನಿಧಾನದ ಹಾಡನ್ನು ಹಿಡಿದುಕೊಂಡಿತು. ಬಸ್ಸಿಗೆ ಕಾಯುತ್ತ ನಿಂತವನೊಬ್ಬನ ಹಾಡು. ಎರಡನೇ ಸಾಲಿಗೆ ಸಿಳ್ಳೆ ನಿಂತಿತು. ಮೂರನೇ ಚರಣದ ಹೊತ್ತಿಗೆ ಇಡೀ ಸಭಾಂಗಣ ಅವನ ಜೊತೆ ಹಾಡುತ್ತಿತ್ತು. ಐದು ನಿಮಿಷ. ಫ್ಯೂಸ್ ಹಾಕಿದ ಮೇಲೆ ಗಿಟಾರುಗಳು ಮತ್ತೆ ಹೊಮ್ಮಿದವು. ಆದರೆ ಅದಕ್ಕೂ ಮೊದಲು ಬಿದ್ದ ಚಪ್ಪಾಳೆ ಯಂತ್ರದ ಮುಳ್ಳನ್ನು ಕೆಂಪಿನ ಆಚೆ ತಳ್ಳಿತ್ತು.

ಆಕೆ ಅಲುಗಾಡದೆ ಕೇಳಿದಳು. ಮುಗಿದ ಮೇಲೆ ಚೀಲವನ್ನು ನೆಲಕ್ಕೆ ಇಳಿಸಿದಳು.

“ಇದು ಇವ್ರು ಫೋನೆತ್ತಿ ಹಲೋ ಅನ್ನೋ ದನಿ” ಎಂದಳು. “ಅದೇ ಥರ, ತಪ್ಪು ನಂಬರೇನೋ ಅನ್ನೋ ಹಾಗೆ.” ಯಂತ್ರದ ಕಡೆಗೆ ಬೆರಳು ತೋರಿಸಿ, “ಇನ್ನೊಂದ್ಸಲ ಹಾಕಿ ಅಕ್ಕಾ.”

ನಾಲ್ಕು ಸಲ ಹಾಕಿದೆವು. ದೊಡ್ಡಪ್ಪ ಅಡುಗೆಮನೆಯಲ್ಲಿ ಪಾತ್ರೆ ಸದ್ದು ಮಾಡುತ್ತ ಮೂಗು ಎಳೆಯುತ್ತಿದ್ದುದು ನನಗೆ ಕೇಳಿಸಿತು. ಹೊರಡುವ ಮೊದಲು ಆಕೆ ಸಹಿ ಹಾಕಿದಳು. ಆದರೆ ಸಹಿಯ ಮೇಲೆ ಒಂದು ಸಾಲು ಸೇರಿಸಿದಳು. ಈ ಐದು ನಿಮಿಷದಲ್ಲಿ ಒಂದು ಕ್ಷಣವನ್ನೂ ಕತ್ತರಿಸಕೂಡದು.

ಸಿಕ್ಕು ಬಿದ್ದದ್ದು ಅಲ್ಲೇ. ಹಾಡುಗಾರ ಆಗಲೇ ಕಂಪನಿಯಾಕೆಗೆ ಪತ್ರ ಬರೆದಿದ್ದ. ತಾನು ಒಪ್ಪುವುದಾದರೆ ಎರಡು ಕರಾರು. ಫ್ಯೂಸ್ ಹೋದ ಮೇಲಿನ ಆ ಐದು ನಿಮಿಷವನ್ನು ತೆಗೆದುಹಾಕಬೇಕು. ಉಳಿದ ಕಡೆ ತನ್ನ ದನಿ ಒಡೆದಿರುವಲ್ಲಿ ಈಗ ಹೊಸದಾಗಿ ಹಾಡಿ ಸೇರಿಸಬೇಕು.

“ಮೂವತ್ತೆಂಟು ವರ್ಷದ ಹಿಂದಿನ ಗಂಟಲಿಗೆ ಈಗಿನ ಗಂಟಲು ತೇಪೆ ಹಾಕೋದಾ?” ಎಂದು ದೊಡ್ಡಮ್ಮ ಚಪ್ಪಲಿ ಮೆಟ್ಟಿದಳು.

ಹಾಡುಗಾರ ಈಗ ಡ್ರೈವಿಂಗ್ ಶಾಲೆ ನಡೆಸುತ್ತಾನೆ. ಬಿಡುವಿಲ್ಲ, ಮಾತಾಡಬೇಕಾದರೆ ಕಾರಿನಲ್ಲೇ ಬನ್ನಿ ಎಂದ. ದೊಡ್ಡಮ್ಮನೂ ನಾನೂ ಹಿಂದಿನ ಸೀಟಿನಲ್ಲಿ ಕೂತೆವು. ಸ್ಟೀರಿಂಗ್ ಹಿಡಿದಿದ್ದವರು ಐವತ್ತು ದಾಟಿದ ಒಬ್ಬ ಟೀಚರು. ಕಾರು ಆಮೆಗೆ ದಾರಿ ಬಿಡುವ ವೇಗದಲ್ಲಿ ಹೊರಟಿತು.

“ಅಕ್ಕಾ, ನಿಮಗೆ ಎದುರಾಡೋಕೆ ಮನಸ್ಸಿಲ್ಲ. ಎಡಕ್ಕೆ ಇಂಡಿಕೇಟರ್ ಹಾಕಿ ಟೀಚರ್. ಆದ್ರೆ ಆ ಐದು ನಿಮಿಷ ನಾನು ವೇದಿಕೆ ಮೇಲೇ ಇಲ್ಲ. ಹೆದರಿ ಓಡಿಹೋದ ಅಂತ ಜನ ಇವತ್ತಿಗೂ ಅಂತಾರೆ.”

“ಓಡಿ ಹೋಗಿದ್ದು ಹೌದು. ಹೆದರಿ ಅಲ್ಲ.”

“ಮತ್ತೆ?”

“ಪ್ಲಗ್ ಬೋರ್ಡ್ ಮೇಲೆ ಹಾರಿ ಅದನ್ನ ಒಡೆದಿದ್ದು ನೀನು. ನಾನು ಎಲ್ಲಿ ಬಯ್ತೀನೋ ಅಂತ ಪರದೆ ಹಿಂದೆ ಹೋಗಿ ನಿಂತಿದ್ದು.”

ಹಾಡುಗಾರ ಪೂರ್ತಿ ಹಿಂದಕ್ಕೆ ತಿರುಗಿದ. “ನಿಮಗೆ ಗೊತ್ತಿತ್ತಾ? ಹಳೇ ವೈರಿಂಗ್ ಅಂತ ಬರೆದಿದ್ರಲ್ಲ.”

“ನಿಜ ಬರೆದಿದ್ರೆ ಆ ಭವನದ ಮೆಟ್ಟಿಲು ಹತ್ತೋಕೆ ನಿಮ್ಮನ್ನ ಮತ್ತೆ ಬಿಡ್ತಿರ್ಲಿಲ್ಲ. ಒಂದು ಸುಳ್ಳಿಗೆ ಇಡೀ ಕಟ್ಟಡ ಹೊಸ ವೈರು ಕಂಡಿತು. ಮೊನ್ನೆ ಮ್ಯಾನೇಜರ್ ಉಪಕಾರ ಅಂತ ಬೇರೆ ಹೇಳಿದ್ರು. ನಾಲಿಗೆ ಹೊರಳಲಿಲ್ಲ ನನಗೆ.”

“ಸಾರ್, ಮುಂದೆ ಲಾರಿ” ಎಂದರು ಟೀಚರು.

“ಬ್ರೇಕ್ ಒತ್ತಿ” ಎಂದು ಹಾಡುಗಾರ ತನ್ನ ಕಾಲಡಿಯ ಬ್ರೇಕನ್ನೂ ಒತ್ತಿದ. ಕಾರು ಬಿಕ್ಕಳಿಸಿ ನಿಂತಿತು. ಅವನು ಮುಂದಿನ ಗಾಜನ್ನೇ ನೋಡುತ್ತ ಮಾತಾಡಿದ.

“ಪರದೆ ಹಿಂದೆ ನಿಂತು ಎಲ್ಲಾ ಕೇಳಿದೆ ಅಕ್ಕಾ. ಅವನಿಗೆ ಬಿದ್ದ ಆ ಚಪ್ಪಾಳೆ ನನಗೆ ಯಾವತ್ತೂ ಬಿದ್ದಿರ್ಲಿಲ್ಲ. ಮುಂದಿನ ಊರಲ್ಲೂ ಆ ಹಾಡು ಅವನೇ ಹಾಡ್ಲಿ ಅಂದ್ರು. ಅದರ ಮುಂದಿನ ಊರಲ್ಲೂ. ಹಾಡು ಬರೆದವನು ನಾನು. ಹೊಟ್ಟೆ ಉರೀತು. ಅವನು ತಾಳ ತಪ್ತಾನೆ ಅಂತ ಉಳಿದಿಬ್ಬರಿಗೂ ಸುಳ್ಳು ಹೇಳಿ ತೆಗೆಸಿದೆ.” ಕನ್ನಡಿಯನ್ನು ಒಮ್ಮೆ ತಿರುಗಿಸಿದ. “ಅವನು ತಾಳ ತಪ್ಪಿದ್ದೇ ಇಲ್ಲ.”

ಹಿಂದಿನ ವಾಹನಗಳು ಹಾರನ್ ಬಾರಿಸತೊಡಗಿದವು.

“ಸಹಿ ಹಾಕ್ಬಿಡಿ ಸಾರ್” ಎಂದರು ಟೀಚರು, ಗೇರು ಹುಡುಕುತ್ತ.

“ಸಹಿ ನನಗಲ್ಲ” ಎಂದಳು ದೊಡ್ಡಮ್ಮ. “ಈಗ ಹೇಳಿದ್ದನ್ನ ಕನ್ನಡಕದ ಅಂಗಡಿಗೆ ಹೋಗಿ ಹೇಳು. ಆಮೇಲೆ ಸಹಿ ಹಾಕೋದು ಬಿಡೋದು ನಿನ್ನಿಷ್ಟ.”

ಅವನು ಒಂದು ವಾರ ಸತಾಯಿಸಿ ಹೋದ. ಮುಂದಿನದನ್ನು ಅಂಗಡಿಯಾಕೆಯೇ ನಮಗೆ ಹೇಳಿದ್ದು. ಒಳಗೆ ಬಂದವನು ಮೊದಲು ಫ್ರೇಮುಗಳನ್ನೆಲ್ಲ ಮುಟ್ಟಿ ನೋಡಿದನಂತೆ. ಕಣ್ಣು ಪರೀಕ್ಷೆ ಮಾಡಿಸಬೇಕು ಎಂದನಂತೆ. ಆಕೆ ಯಾರೆಂದು ಗುರುತು ಹಿಡಿದೂ ಕುರ್ಚಿ ತೋರಿಸಿದಳು. ಬಲಗಣ್ಣು ಮುಚ್ಚಿಸಿ, ಗೋಡೆಯ ಅಕ್ಷರ ಓದಿ ಎಂದಳು. ಮೂರನೇ ಸಾಲಿಗೇ ಅವನು ತಡವರಿಸಿದ. ಇಪ್ಪತ್ತು ವರ್ಷ ಊರಿಗೆಲ್ಲ ಕಾರು ಕಲಿಸಿದವನ ಎಡಗಣ್ಣು ಮಂಜು. ಹಾಗೆ ಒಂದು ಕಣ್ಣು ಮುಚ್ಚಿಕೊಂಡೇ ಅವನು ಎಲ್ಲ ಹೇಳಿದನಂತೆ, ಒಂದನ್ನೂ ಬಿಡದೆ.

“ನೀನೇನಂದೆ?” ದೊಡ್ಡಮ್ಮ ಕೇಳಿದಳು.

“ಏನನ್ನಲಿ ಅಕ್ಕಾ. ಬಯ್ಯೋಕೆ ಅಂತ ವರ್ಷಾನುಗಟ್ಟಲೆ ಮಾತು ಕೂಡಿಟ್ಟಿದ್ದೆ. ಎದುರಿಗೆ ಆ ಮುಖ ನೋಡಿ ಒಂದೂ ನೆನಪಾಗ್ಲಿಲ್ಲ. ಇವ್ರಿಗೆ ಕಾರಣ ಗೊತ್ತಾಗಿದ್ರೆ ನಕ್ಕುಬಿಡ್ತಿದ್ರು, ಅದನ್ನ ಹೇಳಿದೆ. ಕನ್ನಡಕ ಗುರುವಾರ ಸಿಗುತ್ತೆ ಅಂತಲೂ ಹೇಳಿದೆ.”

ಹಾಡುಗಾರನ ಸಹಿ ಶುಕ್ರವಾರ ಬಂತು. ಕರಾರಿಲ್ಲ, ತೇಪೆಯಿಲ್ಲ.

ಟೇಪ್ ಹೊಸ್ತಿಲು ದಾಟುವ ದಿನ ದೊಡ್ಡಮ್ಮ ಅದರ ಜೊತೆಗೇ ರೈಲಿನಲ್ಲಿ ಹೋದಳು. ಡಬ್ಬಿಯನ್ನು ಮಡಿಲಿನಿಂದ ಇಳಿಸಲಿಲ್ಲ. ಕಂಪನಿಯ ಸ್ಟುಡಿಯೋದಲ್ಲಿ ಮೂರು ದಿನ ಕೂತು, ಏನನ್ನೂ ಸೇರಿಸದೆ, ಧೂಳಿನಂಥ ಗೊರಗೊರವನ್ನಷ್ಟೇ ಒರೆಸಿಸಿದಳು. ಆಲ್ಬಮಿನ ಹೊದಿಕೆಯ ಮೇಲೆ ನಿಮ್ಮ ಹೆಸರು ಹಾಕಲೇ ಎಂದು ಕಂಪನಿಯಾಕೆ ಕೇಳಿದಾಗ, ನಾನೇನು ಮಾಡಿದೆ ಎಂದು ಸಂಕೋಚಪಡುವವಳಲ್ಲ ದೊಡ್ಡಮ್ಮ. “ಹಾಕಿ. ದಪ್ಪ ಅಕ್ಷರದಲ್ಲಿ ಹಾಕಿ” ಎಂದಳು. ಹೆಸರಿಲ್ಲದೆ ಮಾರುತ್ತಿದ್ದವರ ಕಳ್ಳ ಪ್ರತಿ, ಕಂಪನಿಯ ಒಂದೇ ನೋಟಿಸಿಗೆ, ಬಂದ ದಾರಿಯಲ್ಲೇ ಮಾಯವಾಯಿತು.

ಬಿಡುಗಡೆಯನ್ನು ಪುರಭವನದಲ್ಲೇ ಇಟ್ಟುಕೊಂಡರು, ಒಂದು ಮಧ್ಯಾಹ್ನ. ವೇದಿಕೆಯ ಮೇಲೆ ಯಾರೂ ಇರಲಿಲ್ಲ, ಸ್ಪೀಕರುಗಳಷ್ಟೇ. ಎಲ್ಲರೂ ಕೂತು ಎಪ್ಪತ್ತೊಂಬತ್ತು ನಿಮಿಷ ಕೇಳುವುದೇ ಕಾರ್ಯಕ್ರಮ. ಯಾರು ಬರುತ್ತಾರೆ ಎಂದುಕೊಂಡಿದ್ದರೆ ಬಾಲ್ಕನಿಯೂ ತುಂಬಿತು. ಅರ್ಧ ಜನ ಆ ಭಾನುವಾರ ಹುಟ್ಟಿರಲೇ ಇಲ್ಲ. ಬಸ್ಸಿಗೆ ಕಾಯುವವನ ಹಾಡು ಬಂದಾಗ ಅವರೂ ಹಾಡಿದರು, ಟೇಪಿನೊಳಗಿನ ಜನರೂ ಹಾಡಿದರು. ಯಾವುದು ಯಾವ ಕಾಲದ ದನಿ ಎಂದು ನನಗೆ ತಿಳಿಯದಾಯಿತು. ಹೊಸ ಕನ್ನಡಕದ ಹಾಡುಗಾರ ತಲೆತಗ್ಗಿಸಿ ಕೂತಿದ್ದ. ಚಪ್ಪಾಳೆ ಶುರುವಾದಾಗ ಎಲ್ಲರಿಗಿಂತ ಮೊದಲು ಎದ್ದು ನಿಂತವನು ಅವನೇ.

ಜನ ಕರಗಿದ ಮೇಲೂ ಕನ್ನಡಕದ ಅಂಗಡಿಯಾಕೆ ಮೂರನೇ ಸಾಲಿನಲ್ಲಿ ಕೂತೇ ಇದ್ದಳು. ದೊಡ್ಡಮ್ಮ ಮಿಕ್ಸರಿನ ಹಿಂದಿನಿಂದ ಕೈಸನ್ನೆಯಲ್ಲೇ ಕೇಳಿದಳು. ಆಕೆ ಒಂದು ಬೆರಳು ಎತ್ತಿದಳು, ಇನ್ನೊಂದೇ ಸಲ. ಬಾಗಿಲ ಬಳಿ ಮ್ಯಾನೇಜರ್ ಬೀಗ ಹಿಡಿದು ಕಾಯುತ್ತಿದ್ದರು. ದನಿ ಶುರುವಾದದ್ದೇ ಬೀಗವನ್ನು ಜೇಬಿಗೆ ಹಾಕಿಕೊಂಡು, ಕೊನೆಯ ಸಾಲಿನ ಒಂದು ಕುರ್ಚಿಯನ್ನು ಸದ್ದಾಗದಂತೆ ಬಿಡಿಸಿ, ಅವರೂ ಕೂತರು.